ಸಹಾಯ ಬೇಕು: ಪೋಕರ್‌ನ ‘ಸೈಡ್ ಪಾಟ್’ಗೆ ಕನ್ನಡದಲ್ಲಿ ಏನನ್ನೋಣ?

ಹೊಸಬರಿಗಾಗಿ ಟೆಕ್ಸಾಸ್ ಹೋಲ್ಡೆಮ್ (ಪೋಕರ್‌ನ ಒಂದು ಬಗೆ) ಪದಗಳ ಕನ್ನಡ ಪಟ್ಟಿ ಮಾಡ್ತಿದ್ದೀನಿ. ಚೆಕ್, ಕಾಲ್, ಫೋಲ್ಡ್ ಸಲೀಸು. ಫ್ಲಾಪ್ ಅಂದ್ರೆ ಮೇಜಿನ ಮೇಲೆ ಒಟ್ಟಿಗೆ ತೆರೆಯೋ ಮೂರು ಎಲೆ; ನಾಲ್ಕನೆಯದು ಟರ್ನ್, ಐದನೆಯದು ರಿವರ್. ತೊಡಕಿರೋದು ಸೈಡ್ ಪಾಟ್‌ನಲ್ಲಿ.

ಮೂವರು ಆಲ್-ಇನ್ ಹೋದರು, ಅಂದ್ರೆ ತಮ್ಮ ಚಿಪ್ಪೆಲ್ಲ ಪಣಕ್ಕಿಟ್ಟರು ಅನ್ನಿ: 500, 1200, 2000 ಚಿಪ್. ಮೇನ್ ಪಾಟ್ (ಪಣದ ಮುಖ್ಯ ಗುಡ್ಡೆ) ತಲಾ 500ರಂತೆ 1500, ಮೂವರಿಗೂ ಹಕ್ಕು. ಸೈಡ್ ಪಾಟ್ ತಲಾ 700ರಂತೆ 1400, ಅದು ದೊಡ್ಡ ಇಬ್ಬರ ನಡುವೆ ಮಾತ್ರ. ಮಿಕ್ಕ 800 ಚಿಪ್ 2000 ಹಾಕಿದವರಿಗೇ ವಾಪಸ್. 500 ಹಾಕಿದವರ ಎಲೆ ಎಷ್ಟೇ ಚೆನ್ನಾಗಿದ್ರೂ 1500ಕ್ಕಿಂತ ಹೆಚ್ಚು ಸಿಗಲ್ಲ. ಹೊಸಬರು ಎಡವೋದು ಇಲ್ಲೇ, ಎಲ್ಲ ಚಿಪ್ಪನ್ನೂ ಒಂದೇ ಗುಡ್ಡೆ ಮಾಡಿಬಿಡ್ತಾರೆ.

‘ಪಕ್ಕದ ಗುಡ್ಡೆ’ ಅಂದ್ರೆ ತಿಳಿಯುತ್ತಾ, ಇಲ್ಲ ಸೈಡ್ ಪಾಟ್ ಅಂತಲೇ ಬಿಡೋದಾ? ನಿಮ್ಮ ಕಡೆ ಇಸ್ಪೀಟ್ ಆಡೋರು ಬಳಸೋ ಮಾತಿದ್ರೆ ದಯವಿಟ್ಟು ತಿಳಿಸಿ.