ಸ್ಮಾರಕದ ಪಕ್ಕದ ಮನೆಗೆ ದುರಸ್ತಿ: ಯಾವುದು ಸಾಧ್ಯ, ಯಾವುದಕ್ಕೆ ತಡೆ?

ಪ್ರಶ್ನೆ: ಸರ್, ವಿಜಯಪುರದ ಹಳೇ ಓಣಿಯಲ್ಲಿ ಅಜ್ಜನ ಕಾಲದ ಮಾಳಿಗೆ ಮನೆ ಇದೆ, ಮರದ ಜಂತಿಗಳ ಮೇಲೆ ಮಣ್ಣು ಹಾಕಿದ ಛಾವಣಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ ಸುಮಾರು 70 ಮೀಟರ್. ಮಳೆಗಾಲದಲ್ಲಿ ಸೋರುತ್ತದೆ. ಮಣ್ಣು ತೆಗೆಸಿ ಆರ್‌ಸಿಸಿ ಹಾಕಿ, ಮೇಲೊಂದು ಕೋಣೆ ಕಟ್ಟೋಣ ಎಂದರೆ ಎದುರು ಮನೆಯವರು ದೂರು ಕೊಡುತ್ತೇವೆ ಎನ್ನುತ್ತಾರೆ. ಓಣಿಯ ತುದಿಯವರಿಗೆ ಮಹಡಿ ಕಟ್ಟಲು ಒಪ್ಪಿಗೆ ಸಿಕ್ಕಿದೆ, ನಮಗೇಕಿಲ್ಲ? ಪಾಲಿಕೆಯ ಪರವಾನಗಿ ಸಾಲದೇ?

ಉತ್ತರ (ಸಂರಕ್ಷಣಾ ವಾಸ್ತುಶಿಲ್ಪಿ): ಸಾಲದು. 1958ರ ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ತುದಿಯ ಮನೆ ಎರಡನೆಯದರಲ್ಲಿದ್ದರೆ ಅವರು ಹೊಸ ನಿರ್ಮಾಣಕ್ಕೂ ಅರ್ಜಿ ಹಾಕಬಹುದು. ನೀವು 70 ಮೀಟರಿನಲ್ಲಿದ್ದೀರಿ; ಅಲ್ಲಿ ದುರಸ್ತಿ ಮತ್ತು ನವೀಕರಣ ಮಾತ್ರ, ಅದೂ ಮನೆ 1992ರ ಜೂನ್ 16ಕ್ಕಿಂತ ಮೊದಲಿನದಾಗಿದ್ದರೆ. ಮೇಲಿನ ಕೋಣೆಯ ಆಸೆ ಬಿಟ್ಟುಬಿಡಿ. ಗೋಡೆ ಕೆಡವಿ ಮತ್ತೆ ಕಟ್ಟುವುದೂ ದುರಸ್ತಿಯಲ್ಲ, ಪುನರ್ನಿರ್ಮಾಣ. ಅದಕ್ಕೆ ನಿಮ್ಮ ಜಾಗದಲ್ಲಿ ಅವಕಾಶವಿಲ್ಲ.

ಎಲ್ಲರೂ ಎಡವುವುದು ಅಳತೆಯಲ್ಲಿ. ಗುಮ್ಮಟದಿಂದಲೋ ಬಾಗಿಲಿನಿಂದಲೋ ಅಳೆಯುವಂತಿಲ್ಲ, ಸಂರಕ್ಷಿತ ಜಾಗದ ಗಡಿಯಿಂದಲೇ ಅಳೆಯಬೇಕು. ಬೇಲಿ ಕೆಲವೆಡೆ ಗಡಿಗಿಂತ ಒಳಗಿರುತ್ತದೆ, ಹಾಗಾಗಿ ಸರ್ವೆ ನಕ್ಷೆಯನ್ನೇ ನಂಬಿ.

ಸಿಟಿ ಸರ್ವೆ ಉತಾರ, ಹಳೆಯ ಮನೆಪಟ್ಟಿ ರಸೀದಿ, ವಿದ್ಯುತ್ ಬಿಲ್ಲು, ಈಗಿನ ಉದ್ದ-ಅಗಲ-ಎತ್ತರದ ನಕ್ಷೆ, ನಾಲ್ಕೂ ದಿಕ್ಕಿನ ಫೋಟೋ ಜೊತೆಗಿಟ್ಟು ಸಕ್ಷಮ ಪ್ರಾಧಿಕಾರಕ್ಕೆ (ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿ) ಅರ್ಜಿ ಹಾಕಿ. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಗಡುವು ಮೀರಿತೆಂದು ಗಾರೆಯವರನ್ನು ಕರೆಸಬೇಡಿ. ನಿಷೇಧಿತ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಮಾಳಿಗೆಯನ್ನಷ್ಟೇ ಬದಲಿಸಿದರೆ? ಎದುರು ಮನೆಯವರು ಸ್ಲ್ಯಾಬ್ ಹಾಕಿದರೆ ಓಣಿಯ ಅಂದ ಕೆಡುತ್ತದೆ ಎನ್ನುತ್ತಾರೆ.

ಉತ್ತರ: ಅಂದ ಕೆಟ್ಟಿತು ಎನ್ನುವುದರ ಮೇಲೆ ದೂರು ನಿಲ್ಲುವುದು ಕಷ್ಟ, ಎತ್ತರ ಹೆಚ್ಚಿತು ಎನ್ನುವುದರ ಮೇಲೆ ಖಂಡಿತ ನಿಲ್ಲುತ್ತದೆ. ಆ ಸ್ಮಾರಕಕ್ಕೆ ಪಾರಂಪರಿಕ ಉಪವಿಧಿ, ಅಂದರೆ ಅದರ ಸುತ್ತಲಿನ ಕಟ್ಟಡಗಳಿಗೆಂದೇ ಮಾಡಿದ ನಿಯಮ, ಅಧಿಸೂಚನೆಯಾಗಿದೆಯೇ ನೋಡಿ. ಆಗಿದ್ದರೆ ಅದರಲ್ಲಿ ಮುಂಭಾಗ, ಬಣ್ಣ, ಛಾವಣಿಯ ಬಗ್ಗೆ ಏನು ಹೇಳಿದೆಯೋ ಅದನ್ನು ಎದುರು ಮನೆಯವರಿಗೂ ತೋರಿಸಿ.

ಸ್ಲ್ಯಾಬ್ ಬೇಡವೆಂಬುದಕ್ಕೆ ನನ್ನ ಕಾರಣ ಬೇರೆ. ಒಂದಡಿ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ, 125 ಮಿಲಿಮೀಟರ್ ಸ್ಲ್ಯಾಬ್ ಸುಮಾರು 310 ಕಿಲೋ; ಹಗುರವೇ ಸರಿ. ಆದರೆ ಬಿಸಿಲಿಗೆ ಹಿಗ್ಗಿ ಕುಗ್ಗುವ ಸ್ಲ್ಯಾಬು ಮಣ್ಣಿನ ಗಾರೆಯ ಕಲ್ಲುಗೋಡೆಯ ತಲೆಯನ್ನು ತಳ್ಳುತ್ತದೆ, ಮೂಲೆಗಳಲ್ಲಿ ಬಿರುಕು ಬರುತ್ತದೆ.

ಮೊದಲು ವರ್ಷವರ್ಷವೂ ಮೇಲೆ ಮೇಲೆ ಹಾಕಿದ ಹೆಚ್ಚುವರಿ ಮಣ್ಣು ಇಳಿಸಿ. ಜಂತಿಗಳು ಗೋಡೆಯೊಳಗೆ ಕೂತಿರುವ ತುದಿಗಳನ್ನು ಚುಚ್ಚಿ ನೋಡಿ. ಗೆದ್ದಲು ಹತ್ತುವುದು ಅಲ್ಲೇ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಕೆಟ್ಟ ಜಂತಿ ಮಾತ್ರ ಬದಲಿಸಿ. ಹಲಗೆಯ ಮೇಲೆ 75ರಿಂದ 100 ಮಿಲಿಮೀಟರ್ ಇಟ್ಟಿಗೆ ಜಲ್ಲಿ-ಸುಣ್ಣದ ಗಾರೆ, 60ಕ್ಕೆ 1ರಂತೆ ಇಳಿಜಾರು. ಮರದ ಹಲಿಗೆಯಿಂದ ಚೆನ್ನಾಗಿ ಬಡಿಯಬೇಕು, ಅವಸರಪಟ್ಟರೆ ಬಿರಿಯುತ್ತದೆ. ನೀರಿನ ದೋಣಿ ಗೋಡೆಯಿಂದ ಅರ್ಧ ಮೀಟರಾದರೂ ಹೊರಚಾಚಿರಲಿ.

ಇನ್ನೊಬ್ಬ ಸದಸ್ಯರು: ಗೋಡೆಗೆ ಸಿಮೆಂಟ್ ಗಿಲಾವು ಬೇಡ. ನೆಲದಿಂದ ಏರಿದ ತೇವ ಆವಿಯಾಗಲು ದಾರಿಯಿಲ್ಲದೆ ಉಪ್ಪು ಒಳಗೇ ಹರಳುಗಟ್ಟಿ, ಗಿಲಾವಿನ ಹಿಂದೆ ಕಲ್ಲು ಪುಡಿಯಾಗುತ್ತದೆ. ಬದಲಿಗೆ ಸುಣ್ಣದ ಗಿಲಾವು ಮಾಡಿ: ನೆನೆಸಿಟ್ಟ ಸುಣ್ಣ 1 ಪಾಲು, ಮರಳು 3 ಪಾಲು. ಒಂದು ಪದರ 10-12 ಮಿಲಿಮೀಟರಿಗಿಂತ ದಪ್ಪ ಬೇಡ. ಒದ್ದೆ ಗೋಣಿಚೀಲ ಹೊದಿಸಿ, ಬಿರುಬಿಸಿಲಿಗೆ ಬಿಡಬೇಡಿ.

ಉತ್ತರ: ಸರಿಯಾಗಿ ಹೇಳಿದಿರಿ. ಅರ್ಜಿಯಲ್ಲಿ ‘ದುರಸ್ತಿ’ ಎಂದಷ್ಟೇ ಬರೆಯದೆ ಈ ಕೆಲಸಗಳನ್ನೆಲ್ಲ ಒಂದೊಂದಾಗಿ ಬರೆಯಿರಿ. ಅನುಮತಿ ಪತ್ರದಲ್ಲಿ ಇಲ್ಲದ ಕೆಲಸಕ್ಕೆ ಕೈ ಹಾಕಿದರೆ ನಿಲ್ಲಿಸುವ ನೋಟಿಸು ಬರುವುದು ಖಚಿತ, ಆಗ ಮಾಳಿಗೆ ತೆರೆದ ಮನೆಯ ಮೇಲೆ ಮಳೆ ಸುರಿಯುತ್ತದೆ. ಪತ್ರ ಕೈಗೆ ಬಂದ ಮೇಲೆ ಒಂದು ಪ್ರತಿ ಎದುರು ಮನೆಯವರಿಗೂ ಕೊಡಿ.