ಯವ್ವಾ, ಹೋಲ್ಡ್ ಸ್ವಿಚ್ ಹಾಕದೆ ಹತ್ರ ಹೋಗಗೊಡಬ್ಯಾಡ

ಯವ್ವಾ, ಗ್ರೂಪಿನಾಗ ನಿನ್ನ ಮೆಸೇಜ್ ಈಗ ನೋಡ್ದೆ. ಹುಡುಗ ರಿಮೋಟ್ ಹೆಲಿಕಾಪ್ಟರ್ ತಂದಾನ, ಐತಾರ ಮಾಳಗಿ ಮ್ಯಾಲ ಹಾರಸ್ತೀನಂತ ಹಟ ಹಿಡದಾನ, ಏನರ ಆದ್ರ ಹ್ಯಾಂಗ ಕಾಕಾ ಅಂತ ಕೇಳಿದಿ. ಖರೇ ಹೇಳ್ತೀನಿ, ಓದಿದ ಕೂಡ್ಲೆ ನನ್ನ ಎಡಗೈ ಜುಮ್ ಅಂತು.

ಶಾಬಾದಿ ಅಳಿಯಂದ್ರು ಬಂದಾಗ ಅಂಗಳದಾಗ ಹಾರಿತ್ತಲ್ಲ, ಮ್ಯಾಲೊಂದು ಕೆಳಗೊಂದು ಪಂಖ ಇದ್ದ ಹೆಲಿಕಾಪ್ಟರ್, ಅದು ಬ್ಯಾರೆ. ಅದು ತಾನೇ ಸಂಭಾಳಿಸಿಕೊಂಡು ನಿಂದರ್ತದ. ನೀ ಫೋಟೋ ಹಾಕಿದ್ದು 450 ಸೈಜಿಂದು, ನನ್ನದರಂಥಾದ್ದೇ. ಒಂದೊಂದು ಪಂಖ ಒಂದೂವರಿ ಗೇಣು, ನಿಮಿಷಕ್ಕ 2500 ಸುತ್ತಿನ ಮ್ಯಾಲ ತಿರಗ್ತದ. ತಿರಗೂವಾಗ ಕಣ್ಣಿಗೇ ಕಾಣಂಗಿಲ್ಲ.

ನನ್ನ ಎಡಗೈಗಿ ಪೆಟ್ಟಾದ ವರ್ಷ ತೊಗರಿ ರಾಶಿ ಮುಗದಿತ್ತು, ಹೊಲ ಖಾಲಿ ಇತ್ತು. ಛಲೋ ಹಾರಿಸಿ ಇಳಸ್ದೆ. ಪಂಖ ನಿಂತಿತ್ತು. ಬ್ಯಾಟರಿ ಬಿಚ್ಲಾಕ ಬಗ್ಗಿದೆ. ರಿಮೋಟ್ ಕೊಳ್ಳಾಗ ಜೋತಾಡ್ತಿತ್ತು, ಹೆಗಲ ಮ್ಯಾಗಿನ ಟಾವೆಲ್ ತುದಿ ಪಂಖದ ವೇಗ ಏರಸೋ ಥ್ರಾಟಲ್ ಕಡ್ಡಿಗಿ ಸಿಕ್ಕು ಮ್ಯಾಲ ಎಳೀತು. ಮೋಟರ್ ತಿರಗದಂಗ ತಡಿಯೋ ರಿಮೋಟಿನ ಹೋಲ್ಡ್ ಸ್ವಿಚ್ ಹಾಕಿರಲಿಲ್ಲ. ಗುಂಯ್ ಅಂತ ಒಂದೇ ಸಪ್ಪಳ. ಮೊದಲ ನೋವೇ ಗೊತ್ತಾಗಲಿಲ್ಲ, ಎರಿಮಣ್ಣಿನ ಮ್ಯಾಲ ಹನಿ ಬೀಳೋದು ಕಂಡಿತು. ಎರಡು ಬೆರಳಿಗಿ 7 ಟಾಕಿ ಬಿದ್ದವು. ಇವತ್ತಿಗೂ ತೋರಬೆರಳು ಪೂರಾ ಮಡಚಂಗಿಲ್ಲ, ಅಂಗಿ ಗುಂಡಿ ನಿಮ್ಮ ಚಿಗವ್ವನೇ ಹಾಕಬೇಕು.

ಅದಕ್ಕ ಹೇಳ್ತೀನಿ, ಹೋಲ್ಡ್ ಸ್ವಿಚ್ ಹಾಕದೆ ಹತ್ರ ಹೋಗಗೊಡಬ್ಯಾಡ. ಪಂಖ ನಿಂತಾದ ಅಂದ್ರ ಮೋಟರ್ ಬಂದಾಗ್ಯದ ಅಂತಲ್ಲ. ಮೊದಲ ಹೋಲ್ಡ್, ಆಮ್ಯಾಲ ಬ್ಯಾಟರಿ ಬಿಚ್ಚೋದು, ಕಡೀಗಿ ರಿಮೋಟ್ ಬಂದ್. ಹಚ್ಚೂವಾಗ ಮೊದಲ ರಿಮೋಟ್, ಆಮ್ಯಾಲ ಬ್ಯಾಟರಿ.

ಕೈ ಕೊಳ್ಳಿಗಿ ಕಟಗೊಂಡು ಹದಿನೈದು ದಿನ ಕುಂತಿದ್ದೆ. ಬೀದರದಿಂದ, ಯಾದಗಿರಿಂದ ಮಂದಿ ಬಂದು ನೋಡಿ ಹೋದ್ರು. ಇಲ್ಲೇ ಕಲಬುರ್ಗಿ ಬ್ರಹ್ಮಪುರದ ಮನಿಯವ್ರು ಒಬ್ಬರೂ ಹೊಸ್ತಿಲ ತುಳೀಲಿಲ್ಲ. ಈ ವಯಸ್ಸಿನಾಗ ಇದೆಲ್ಲ ಎದಕ ಬೇಕಿತ್ತು ಅಂತ ಮದುವಿ ಮನ್ಯಾಗ ಎಲ್ಲರ ಎದುರಿಗಿ ಅಂದ್ರು. ಅದು ನನ್ನ ಮನಸಿನಾಗ ಹಂಗೇ ಅದ. ಅಂದವ್ರೇ ಮುಂದ ಮಗನಿಗಿ ಬೇಕಂತ ಕಂಪ್ಯೂಟರಿನಾಗ ಹಾರಸೋದು ಕಲಿಯೋ ನನ್ನ ಸಿಮ್ಯುಲೇಟರ್ ಕೇಬಲ್ ಒಯ್ದ್ರು. ಎರಡು ದೀಪಾವಳಿ ಆದವು, ಇನ್ನೂ ಬಂದಿಲ್ಲ.

ಹಾಂ, ಕೇಬಲ್! ಹೇಳಬೇಕಾದದ್ದೇ ಬಿಟ್ಟಿದ್ದೆ. ಹುಡುಗ ಮೊದಲ ರಿಮೋಟ್ ಕಂಪ್ಯೂಟರಿಗಿ ಹಚ್ಚಿ ಒಂದು ತಿಂಗಳು ಅದರಾಗೇ ಕಲೀಲಿ. ಅಲ್ಲಿ ನೂರು ಸಲ ಬಿದ್ರೂ ಒಂದು ರೂಪಾಯಿ ಖರ್ಚಿಲ್ಲ. ಬಾಲ ತನ್ನ ಕಡೀಗಿ ಇಟಗೊಂಡು ಒಂದೇ ಜಾಗಾದಾಗ ನಿಂದರಸೋದು ಬರ್ಲಿ. ಮೂತಿ ತನ್ನ ಕಡೀಗಿ ತಿರುಗಿದ್ರ ಎಡ ಬಲ ಉಲ್ಟಾ ಆಗ್ತದ, ಅದು ಆಮ್ಯಾಲಿನ ಮಾತು. ಮಾಳಗಿ ಮ್ಯಾಲ ಅಂತೂ ಬ್ಯಾಡೇ ಬ್ಯಾಡ. ನಮ್ಮ ಹೊಲಕ್ಕ ಕರಕೊಂಡು ಬಾ, ಮುಂಜಾನಿ ಗಾಳಿ ಇರಂಗಿಲ್ಲ, ಹೆಲಿಕಾಪ್ಟರಿನ ಕಾಲಿಗಿ ಉದ್ದ ಕಡ್ಡಿ ಕಟ್ಟಿ ನಾನೇ ನಿಂತು ಕಲಿಸ್ತೀನಿ. ಶ್ರೀನಿವಾಸ ಸರಡಗಿ ಕಡೀಗಿ ಒಯ್ಯಬ್ಯಾಡ್ರಿ, 2019ರಿಂದ ಅಲ್ಲಿ ವಿಮಾನ ನಿಲ್ದಾಣ ಅದ. ಬ್ಯಾಟರಿ ಹಾಸಿಗಿ ಮ್ಯಾಲ ಚಾರ್ಜ್ ಮಾಡಗೊಡಬ್ಯಾಡ, ಫರ್ಸಿ ಮ್ಯಾಲ ಇಡು, ಉಬ್ಬಿದ್ರ ಮತ್ತ ಹಚ್ಚಬ್ಯಾಡ. ಮತ್ತೊಮ್ಮಿ ಹೇಳ್ತೀನಿ, ಹೋಲ್ಡ್ ಸ್ವಿಚ್ ಹಾಕದೆ ಹತ್ರ ಹೋಗಗೊಡಬ್ಯಾಡ.

ಬ್ರಹ್ಮಪುರದವ್ರೂ ಈ ಗ್ರೂಪಿನಾಗೇ ಇದ್ದಾರ. ಕೇಬಲ್ ಐತಾರಕ್ಕಿಂತ ಮೊದಲ ಆ ಹುಡುಗನ ಕೈಯಾಗ ಕೊಡ್ರಿ.