ಪುಟ್ಟೀ, ಸೀಟು ಬಿಡಬೇಡ

ಪುಟ್ಟೀ, ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಊಟ ಮುಗಿಸಿ ಕೂತು ಕೇಳು.

ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದೀಯಲ್ಲ, "ಸೋಮವಾರದಿಂದ ಕ್ಲಾಸು, ನಾನು ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಓದಿದವಳು, ಇವತ್ತಿನವರೆಗೆ ಒಂದು ಸಾಲು ಪ್ರೋಗ್ರಾಂ ಬರೆದಿಲ್ಲ, ಬ್ಯಾಚಿನವರೆಲ್ಲ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ ಅನ್ನುತ್ತಿದ್ದಾರೆ, ಇಂಜಿನಿಯರಿಂಗ್‌ನ ಕಂಪ್ಯೂಟರ್ ಸೈನ್ಸ್ ಸೀಟು ಬಿಟ್ಟು ತಿಪಟೂರಲ್ಲೇ ಬಿಎಸ್ಸಿ ಸೇರಲಾ" ಅಂತ. ಬೆಳಗ್ಗೆ ಎದ್ದ ತಕ್ಷಣ ಓದಿದೆ. ಆಗಿನಿಂದ ಅದೇ ತಲೆಯಲ್ಲಿ ಇದೆ.

ದೊಡ್ಡಪ್ಪ "ಏನೂ ಆಗಲ್ಲ, ಧೈರ್ಯವಾಗಿರು" ಅಂದಿದ್ದಾರೆ. ಪ್ರೀತಿಯಿಂದ ಹೇಳಿದ್ದಾರೆ, ಆದರೆ ನಾನು ಹಾಗೆ ಹೇಳುವುದಿಲ್ಲ. ಕಷ್ಟ ಆಗುತ್ತದೆ. ಮೊದಲ ಎರಡು ತಿಂಗಳು ಜಾಸ್ತಿಯೇ ಆಗುತ್ತದೆ. ಅದು ಎಂಥ ಕಷ್ಟ ಅಂತ ಮೊದಲೇ ಗೊತ್ತಿದ್ದರೆ, ಬಂದಾಗ ಗುರುತು ಹಿಡಿಯುತ್ತೀಯ.

ನಾನು ಇಂಜಿನಿಯರಿಂಗ್ ಸೇರಿದ್ದು 2006ರಲ್ಲಿ. ಸಿ ಪ್ರೋಗ್ರಾಮಿಂಗ್ ಪೇಪರಿಗೆ ಆಗ ಸಿಸಿಪಿ ಅನ್ನುತ್ತಿದ್ದೆವು. ಲ್ಯಾಬಿನಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಟರ್ಬೊ ಸಿ ಅನ್ನುವ ಸಾಫ್ಟ್‌ವೇರ್, ನೀಲಿ ಪರದೆ, ಹಳದಿ ಅಕ್ಷರ. ಮೊದಲ ವಾರದ ಪ್ರೋಗ್ರಾಂ ಮೂರು ಸಂಖ್ಯೆ ತಗೊಂಡು ಸರಾಸರಿ ಹೇಳುವುದು, ಅಷ್ಟೇ. ಬೋರ್ಡು ನೋಡಿಕೊಂಡು ಟೈಪ್ ಮಾಡಿದೆ. ಪ್ರೋಗ್ರಾಂ ಓಡಿಸಲು ಕಂಟ್ರೋಲ್ ಎಫ್ 9 ಒತ್ತಿದೆ. 10, 20, 30 ಕೊಟ್ಟೆ. 20 ಬರಬೇಕಿತ್ತು. ಮೈನಸ್ ಹಾಕಿಕೊಂಡ ಏನೋ ದೊಡ್ಡ ಸಂಖ್ಯೆ ಬಂತು. ಮತ್ತೆ ಕೊಟ್ಟೆ, ಮತ್ತೆ ಅದೇ ಥರ. ಪಕ್ಕದ ಹುಡುಗ ಹತ್ತು ನಿಮಿಷದಲ್ಲಿ ಮುಗಿಸಿ, ಸಹಿ ಹಾಕಿಸಿಕೊಂಡು ಹೊರಗೆ ಹೋದ. ನನ್ನ ಕೈ ಬೆವರುತ್ತಿತ್ತು. ಸರ್ ಹಿಂದೆ ಬಂದು ನಿಂತು "ಆಯ್ತೇನಮ್ಮಾ?" ಅಂದರು. ನಾನು "ಆಗ್ತಾ ಇದೆ ಸರ್" ಅಂದೆ.

ಪುಟ್ಟೀ, ನನ್ನ ಇಡೀ ಮೊದಲ ಸೆಮಿಸ್ಟರ್ ಕೆಟ್ಟದ್ದು ಆ ಒಂದು ಮಾತಿನಿಂದ. ಮುಂದಿನ ವಾರವೂ ಅದನ್ನೇ ಅಂದೆ. ಅದರ ಮುಂದಿನ ವಾರವೂ ಅದೇ. ರೆಕಾರ್ಡ್ ಪುಸ್ತಕವನ್ನು ಬೇರೆಯವರದು ನೋಡಿ ಬರೆದೆ. ಮೊದಲ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನವರೇ ಮಾಡುವ ಟೆಸ್ಟಿನಲ್ಲಿ, 25ಕ್ಕೆ 9 ಬಂತು. ಮನೆಗೆ ಫೋನ್ ಮಾಡಿದಾಗ ನಿನ್ನ ಅಮ್ಮನಿಗೂ "ಚೆನ್ನಾಗಿದೆ ಅಕ್ಕ" ಅಂದೆ.

ಬಿಡಿಸಿ ಹೇಳಿದವಳು ಹಾಸ್ಟೆಲಿನ ರೂಮ್‌ಮೇಟ್, ಗದಗಿನ ಕಡೆಯವಳು. ಒಂದು ರಾತ್ರಿ ನಾನು ಅಳುತ್ತಾ ಕೂತಿದ್ದೆ. ನನ್ನ ನೋಟ್ಸ್ ತಗೊಂಡು ನೋಡಿದಳು. ಅವಳ ಕಪಾಟಿನಲ್ಲಿ ಮೂರು ಸ್ಟೀಲ್ ಡಬ್ಬಿ ಇರುತ್ತಿದ್ದವು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ. ಅವನ್ನೇ ತೋರಿಸಿ ಹೇಳಿದಳು, "ಡಬ್ಬ್ಯಾಗ ಏನೈತಿ ಅಂತ ಹೇಳಿದ್ರ ನಾ ಏನ್ ಮಾಡ್ಲಿ? ಡಬ್ಬಿ ಎಲ್ಲೈತಿ ಅಂತ ಹೇಳು, ತುಂಬಿ ಇಡ್ತೀನಿ." ವಿಷಯ ಇಷ್ಟೇ. ಸಿ ಭಾಷೆಯಲ್ಲಿ ಕೀಬೋರ್ಡಿನಿಂದ ಸಂಖ್ಯೆ ತಗೊಳ್ಳಲು ಸ್ಕ್ಯಾನ್‌ಎಫ್ ಅಂತ ಇದೆ. ಅದಕ್ಕೆ ಸಂಖ್ಯೆ ತುಂಬುವ ಜಾಗದ ವಿಳಾಸ ಕೊಡಬೇಕು. ಆ ಜಾಗಕ್ಕೆ ನಾವು ಇಡುವ ಹೆಸರೇ ವೇರಿಯಬಲ್, ನಮ್ಮ ಡಬ್ಬಿ. ಅದರ ಹೆಸರಿಗೆ ಮುಂಚೆ ಆಂಪರ್‌ಸೆಂಡ್ (&) ಅಂತ ಒಂದು ಗುರುತು ಹಾಕಿದರೆ ಅದೇ ವಿಳಾಸ. ನಾನು ಅದನ್ನು ಬಿಟ್ಟಿದ್ದೆ. ಹಾಗಾಗಿ ಸಂಖ್ಯೆ ಇನ್ನೆಲ್ಲೋ ಹೋಗುತ್ತಿತ್ತು, ನನ್ನ ಡಬ್ಬಿಯಲ್ಲಿ ಮೊದಲೇ ಇದ್ದ ಕಸ ಪರದೆ ಮೇಲೆ ಬರುತ್ತಿತ್ತು.

ನಾಲ್ಕು ವಾರ ಒದ್ದಾಡಿದ್ದು ಹತ್ತು ನಿಮಿಷದಲ್ಲಿ ತಿಳಿಯಿತು. ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಪಾಯಿಂಟರ್, ಲಿಂಕ್ಡ್ ಲಿಸ್ಟ್ ಬಂದಾಗ ಕ್ಲಾಸಿಗೆ ಕ್ಲಾಸೇ ತಡವರಿಸುತ್ತಿತ್ತು. ನನಗೆ ಆ ಡಬ್ಬಿಗಳು ಕಣ್ಣೆದುರು ಇದ್ದವು. ಒಂದು ಡಬ್ಬಿಯೊಳಗೆ ಇನ್ನೊಂದು ಡಬ್ಬಿಯ ವಿಳಾಸ ಬರೆದ ಚೀಟಿ, ಅಷ್ಟೇ ಅಲ್ವಾ?

ಅದಕ್ಕೇ ನಿನ್ನಲ್ಲಿ ಒಂದೇ ಕೇಳುವುದು. ಲ್ಯಾಬಿನಲ್ಲಿ ಯಾರಾದರೂ ಆಯ್ತಾ ಅಂತ ಕೇಳಿದರೆ, ಆಗಿಲ್ಲದಿದ್ದರೆ ಆಗಿಲ್ಲ ಅಂತಲೇ ಹೇಳು. ಅದೇ ದಿನ ಹೇಳು. ಪಕ್ಕದವರು ನಗಬಹುದು, ನಗಲಿ. ಸರ್ ರೇಗಬಹುದು, ರೇಗಲಿ. ಅದು ಐದು ನಿಮಿಷದ ಸಂಕಟ. ಮುಚ್ಚಿಟ್ಟರೆ ಆರು ತಿಂಗಳು.

ಇನ್ನು ಆ ಪೈಥಾನ್ ಬರುವವರ ವಿಷಯ. ಪಿಯುಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿ ತಗೊಂಡವರಿಗೆ, ಸಿಬಿಎಸ್‌ಇಯಲ್ಲಿ ಕಂಪ್ಯೂಟರ್ ಓದಿದವರಿಗೆ ಶುರುವಿನಲ್ಲಿ ಅನುಕೂಲ ಇರುವುದು ನಿಜ. ಆದರೆ ಕಾಲೇಜಿನ ಪಾಠ ಶುರುವಾಗುವುದೇ ವೇರಿಯಬಲ್ ಅಂದರೆ ಏನು ಅನ್ನುವುದರಿಂದ. ಕೆಸಿಇಟಿ ರ‍್ಯಾಂಕ್‌ನಲ್ಲಿ ಬಂದವರಿಗೆಲ್ಲ ಸೀಟು ಕೊಟ್ಟದ್ದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ನೋಡಿ, ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಅಂಕ. ಪೈಥಾನ್ ಬರುತ್ತದಾ ಅಂತ ಅಲ್ಲಿ ಯಾರೂ ಕೇಳಿಲ್ಲ. ಅವರು ಬಂದ ಬಾಗಿಲಲ್ಲೇ ನೀನೂ ಬಂದಿದ್ದೀಯ.

ಇಂಗ್ಲಿಷ್ ಬಗ್ಗೆ ನೀನು ಬರೆದಿಲ್ಲ, ಆದರೆ ಆ ಭಯವೂ ಒಳಗೆ ಇದೆ ಅಂತ ನನಗೆ ಗೊತ್ತು. ನೀನು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಜವ, ವೇಗ, ವೇಗೋತ್ಕರ್ಷ ಅಂತ ಓದಿದವಳು. ಮೊದಲ ಪಿಯುಸಿಯಲ್ಲಿ ಅದೇ ಸ್ಪೀಡ್, ವೆಲಾಸಿಟಿ, ಆಕ್ಸಿಲರೇಶನ್ ಅಂತ ಬಂದಾಗ ದೀಪಾವಳಿಗೆ ನಮ್ಮ ಮನೆಯ ಜಗಲಿ ಮೇಲೆ ಕೂತು ನೀನು ಅತ್ತಿದ್ದೆ, ನೆನಪಿದೆಯಾ? ಎರಡು ಅಂಕಣ ಮಾಡಿ, ಒಂದು ಕಡೆ ಕನ್ನಡ ಪದ, ಒಂದು ಕಡೆ ಇಂಗ್ಲಿಷ್ ಪದ ಬರೆದುಕೊಂಡೆ. ಸಂಕ್ರಾಂತಿ ಹೊತ್ತಿಗೆ ಆ ಪುಸ್ತಕ ಬೇಕಾಗಲೇ ಇಲ್ಲ. ಈಗಲೂ ಅಂಥದ್ದೇ ಒಂದು ಪುಸ್ತಕ ಇಟ್ಟುಕೋ. ಸಿ ಭಾಷೆಯನ್ನು 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ ಮಾಡಿದರು. ಅದರ ಆನ್ಸಿ ರೂಪದಲ್ಲಿ, ಅಂದರೆ ಅಮೆರಿಕದ ಮಾನಕ ಸಂಸ್ಥೆ ಒಪ್ಪಿದ ರೂಪದಲ್ಲಿ, ಭಾಷೆ ತನಗೇ ಅಂತ ಕಾಯ್ದಿಟ್ಟ ಪದಗಳು 32 ಮಾತ್ರ. ಇಫ್, ಎಲ್ಸ್, ಫಾರ್, ವೈಲ್, ಇಂಥವು. ನಿನಗೆ ಮಗ್ಗಿ ಬರುತ್ತದೆ, 32 ಪದ ಬರುವುದಿಲ್ಲವೇ? ಯೋಚನೆ ಕನ್ನಡದಲ್ಲೇ ಮಾಡು. ಮೊದಲು ಏನು ಮಾಡಬೇಕು, ಆಮೇಲೆ ಏನು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಆಮೇಲೆ ಕೋಡ್ ಬರಿ. ನಾನು ಇವತ್ತಿಗೂ ಆಫೀಸಿನಲ್ಲಿ ಹಾಗೇ ಮಾಡುವುದು.

ನಿಜವಾಗಿ ಹುಷಾರಾಗಿರಬೇಕಾದ್ದು ಮ್ಯಾಥ್ಸ್ ಬಗ್ಗೆ. ನಾನು ಫೇಲಾಗಿ ಬ್ಯಾಕ್ ಉಳಿದದ್ದು ಪ್ರೋಗ್ರಾಮಿಂಗ್‌ನಲ್ಲಿ ಅಲ್ಲ, ಎಂ ಒನ್ ಅನ್ನುವ ಮೊದಲ ಮ್ಯಾಥ್ಸ್ ಪೇಪರಿನಲ್ಲಿ. ಮುಂದಿನ ಸಲ ಕಟ್ಟಿ ಪಾಸ್ ಮಾಡಿಕೊಂಡೆ, ಆದರೆ ಆ ಸೆಮಿಸ್ಟರಿನ ಪೇಪರುಗಳ ಜೊತೆ ಇದನ್ನೂ ಓದುವುದು ತುಂಬಾ ಭಾರ. ಪಾರ್ಶಿಯಲ್ ಡಿಫರೆನ್ಸಿಯೇಶನ್ ಅಂತ ಬರುತ್ತದೆ, ಅದು ನಿಂತಿರುವುದೇ ಸೆಕೆಂಡ್ ಪಿಯುಸಿ ಡಿಫರೆನ್ಸಿಯೇಶನ್ ಮೇಲೆ. ಸೋಮವಾರದೊಳಗೆ ಪೈಥಾನ್ ಕಲಿಯಲು ಹೋಗಬೇಡ. ಆ ಪಿಯುಸಿ ಪುಸ್ತಕ ತೆಗೆದು ಡಿಫರೆನ್ಸಿಯೇಶನ್, ಇಂಟಿಗ್ರೇಶನ್, ಮ್ಯಾಟ್ರಿಕ್ಸ್ ಲೆಕ್ಕ ದಿನಕ್ಕೆ ಹತ್ತು ಮಾಡು. ಅದು ನಿನಗೆ ಬರುವ ವಿಷಯ, ಕೈಗೆ ಬಲ ಬರುತ್ತದೆ.

ಹಾಜರಿ ವಿಟಿಯುದಲ್ಲಿ, ಅಂದರೆ ನಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ, 85 ಪರ್ಸೆಂಟ್ ಬೇಕು. ಈಗ 100ರಲ್ಲಿ 50 ಅಂಕ ಇಂಟರ್ನಲ್ಸ್‌ನದೇ. ಹಾಗಾಗಿ ಕೊನೆಯ ಹದಿನೈದು ದಿನ ಓದಿ ದಾಟುವ ಲೆಕ್ಕ ನಡೆಯುವುದಿಲ್ಲ.

ಭಾವ, ಇದು ನಿಮಗೆ. ಲ್ಯಾಪ್‌ಟಾಪಿಗೆ ಅಂತ ಕೊಬ್ಬರಿ ಈಗಲೇ ಮಾರಬೇಡಿ, ರೇಟು ನೋಡಿಕೊಂಡು ಮಾರಿ. ಮೊದಲ ಸೆಮಿಸ್ಟರಿಗೆ ಲ್ಯಾಬ್ ಸಾಕು, ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿಗೆ 8 ಜಿಬಿ ರ‍್ಯಾಮ್ ಇದೆ, ಅದನ್ನು ಕೊಡುತ್ತೇನೆ. ಅಕ್ಕ, ನೀನು ದಿನಾ ಫೋನ್ ಮಾಡಿದಾಗ ಮಾರ್ಕ್ಸ್ ಎಷ್ಟು ಅಂತ ಕೇಳಬೇಡ. ಇವತ್ತು ಏನು ಅರ್ಥ ಆಗಲಿಲ್ಲ ಅಂತ ಕೇಳು. ಅವಳು ನಿನಗೆ ಹೇಳಲು ಅಭ್ಯಾಸ ಆದರೆ ಸರ್‌ಗೂ ಹೇಳುತ್ತಾಳೆ.

ಪುಟ್ಟೀ, ಒಂದು ಕೆಲಸ ಮಾಡು. ಮೂರು ಸಂಖ್ಯೆಯ ಸರಾಸರಿ ಕಂಡುಹಿಡಿಯುವುದು ಹೇಗೆ ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಫೋಟೊ ಕಳಿಸು. ಗ್ರೂಪಿನಲ್ಲಿ ಬೇಡ ಅನ್ನಿಸಿದರೆ ನನಗೆ ಮಾತ್ರ ಕಳಿಸು. ಶನಿವಾರ ಯಶವಂತಪುರ ಸ್ಟೇಷನ್ನಿಗೆ ನಾನೇ ಬರುತ್ತೇನೆ, ಟ್ರೈನು ತುಮಕೂರು ಬಿಟ್ಟಾಗ ಒಂದು ಮಿಸ್ಡ್ ಕಾಲ್ ಕೊಡು. ಭಾನುವಾರ ಇಬ್ಬರೂ ಕೂತು ಆ ನಾಲ್ಕು ಸಾಲನ್ನು ಸಿ ಭಾಷೆಗೆ ತರೋಣ. 10, 20, 30 ನೀನೇ ಟೈಪ್ ಮಾಡು.